ಉಕ್ಕಿನ ಕೊಳವೆಯೊಳಗಿನ ಬಯಲು

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಮಣ್ಣು, ಚಿನ್ನ, ಕಬ್ಬಿಣ ಎಂಬ ಮೂರು ನಿದರ್ಶನಗಳನ್ನಿತ್ತು ಸದ್ವಿದ್ಯೆಯನ್ನು ಬೋಧಿಸತೊಡಗುತ್ತಾನೆ. ಮಣ್ಣಿನ ದೃಷ್ಟಾಂತವನ್ನು ಎಲ್ಲರೂ ಬಲ್ಲರು. ಮೂರನೆಯದಾದ ಉಗುರುಕತ್ತರಿಯ ಮಾತು ಅಷ್ಟಾಗಿ ಬಳಕೆಯಲ್ಲಿಲ್ಲ. ಒಂದು ಉಗುರುಕತ್ತರಿಯನ್ನು ಅರಿತರೆ ಕಬ್ಬಿಣದಿಂದಾದ ಸಮಸ್ತವನ್ನೂ ಅರಿತಂತಾಯಿತು, ಆಕಾರವೆಂಬುದು ಬರಿಯ ಹೆಸರು, ಲೋಹವೊಂದೇ ಸತ್ಯ ಎಂಬುದು ಅದರ ತಾತ್ಪರ್ಯ. ಬಹುಕಾಲ ನಿಸ್ಸಂದೇಹವಾಗಿ ಒಪ್ಪಿದ್ದ ಈ ಮಾತನ್ನು, ಹುನಗುಂದದ ಬೆಸುಗೆ ಅಂಗಡಿಯೊಂದರ ಮುಂದೆ ಒಂದು ಮಧ್ಯಾಹ್ನ ನಿಂತಮೇಲೆ, ನಾನು ಮತ್ತೆ ಆಲೋಚಿಸಬೇಕಾಯಿತು.

ಅಲ್ಲಿ ಇಳಕಲ್ಲಿನ ಕಡೆಯ ಹೊಲವೊಂದಕ್ಕೆ ಪಾಲಿಹೌಸಿನ ಕಮಾನುಗಳು ಸಿದ್ಧವಾಗುತ್ತಿದ್ದವು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೇ ಸ್ಥಾಪಿತವಾದ ಈ ಸೀಮೆಯಲ್ಲಿ ದೊಣ್ಣೆಮೆಣಸಿನಕಾಯಿಗಾಗಿ ಹಾಳೆಯ ಮನೆ ಕಟ್ಟುವುದು ಈಗ ಅಪೂರ್ವವೇನಲ್ಲ. ಮೇಸ್ತ್ರಿಯು ಜಿ.ಐ. ಪೈಪಿನ ಒಂದು ತುದಿಗೆ ಮರದ ಬೆಣೆ ಬಡಿದು, ಒಣ ಉಸುಕನ್ನು ಸುರಿದು, ಅದು ಕುಳಿತುಕೊಳ್ಳುವಂತೆ ಮೈಯುದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇನ್ನೊಂದು ತುದಿಯನ್ನೂ ಮುಚ್ಚಿದಮೇಲೆ ಬಗ್ಗಿಸುತ್ತಿದ್ದನು. ಕಾರಣ ಕೇಳಿದೆನು. “ಉಸುಕು ತುಂಬಲಿಲ್ಲಂದ್ರ ಪೈಪು ಬಾಗಿದಲ್ಲಿ ಚಪ್ಪಟಿ ಆಗತೈತ್ರಿ, ಆಮ್ಯಾಲ ಗಾಳಿಗೆ ನಿಲ್ಲಂಗಿಲ್ಲರಿ” ಎಂದನು. ಕಮಾನು ಸಿದ್ಧವಾದೊಡನೆ ಬೆಣೆ ಕಿತ್ತು ಓರೆಯಾಗಿಸಲು ಉಸುಕೆಲ್ಲವೂ ಸರ್ರನೆ ನೆಲಕ್ಕೆ ಸುರಿಯಿತು. ಅಷ್ಟೂ ಶ್ರಮವು ಒಳಗಿನ ಟೊಳ್ಳನ್ನು ಕಾಪಾಡುವುದಕ್ಕಾಗಿ!

60 ಮಿ.ಮೀ. ವ್ಯಾಸವೂ 2 ಮಿ.ಮೀ. ದಪ್ಪವೂ ಉಳ್ಳ ಕೊಳವೆಯಲ್ಲಿರುವಷ್ಟೇ ಉಕ್ಕನ್ನು ಅದೇ ಉದ್ದದ ಗಟ್ಟಿ ಸರಳನ್ನಾಗಿ ಮಾಡಿದರೆ ಅದರ ವ್ಯಾಸವು ಸುಮಾರು 21.5 ಮಿ.ಮೀ. ಆಗುವುದು, ಬಾಗದೆ ನಿಲ್ಲುವ ಬಿಗಿಯಲ್ಲಾದರೋ ಕೊಳವೆಯು ಆ ಸರಳಿಗಿಂತ ಸುಮಾರು 14.5 ಪಟ್ಟು ಮೇಲು. ಲೋಹವು ನಡುವನ್ನು ತೊರೆದು ಅಂಚಿಗೆ ಸರಿದಷ್ಟೂ ಬಾಗುವಿಕೆಯನ್ನು ಹೆಚ್ಚಾಗಿ ತಡೆಯುತ್ತದೆ. ಅಷ್ಟೇ ಉಕ್ಕು, ಅಷ್ಟೇ ದಪ್ಪವಿದ್ದಾಗ ದುಂಡು ಕೊಳವೆಯ ಬಿಗಿಯು ಚೌಕದ್ದಕ್ಕಿಂತ ಸುಮಾರು ಐದನೆಯ ಒಂದು ಪಾಲು ಅಧಿಕ. ಅಂಡಾಕಾರದ್ದನ್ನು ನೀಳವಾದ ಅಕ್ಷವು ಹೊರೆಯ ದಿಕ್ಕಿಗಿರುವಂತೆ ನಿಲ್ಲಿಸಿದರೆ ಆ ದಿಕ್ಕಿನಲ್ಲಿ ಬಿಗಿ ಹೆಚ್ಚಿ, ಅಡ್ಡದಲ್ಲಿ ಕುಗ್ಗುವುದು. ಬಾದಾಮಿಯಲ್ಲಿ ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯ ಕಂಬಗಳು ಗಟ್ಟಿಯಾಗಿಯೇ ಇವೆ. ಅವು ಮೇಲಣ ಬಂಡೆಯ ಭಾರವನ್ನು ಹೊತ್ತರೆ ಸಾಕು. ಮುಂಗಾರಿಗೆ ಮುನ್ನ ಏಳುವ ಬಿರುಗಾಳಿ ಹಾಳೆಯನ್ನು ಉಬ್ಬಿಸಿ ಎಳೆಯುವಾಗ ಕಮಾನು ಮಾಡಬೇಕಾದ ಕಾರ್ಯವೇ ಬೇರೆ.

ಘಟವು ಒಡೆದರೂ ಘಟಾಕಾಶಕ್ಕೆ ಹಾನಿಯಿಲ್ಲ, ಅದು ಮಹಾಕಾಶದಲ್ಲಿಯೇ ಇತ್ತು ಎಂದು ವೇದಾಂತಿಗಳು ಹೇಳುವರು. ನಿಜವೇ. ಆದರೆ ಕೊಳವೆಯು ಚಪ್ಪಟೆಯಾದ ಕ್ಷಣವನ್ನು ನೋಡಿರಿ: ಉಕ್ಕು ಒಂದು ಗುಲಗಂಜಿಯಷ್ಟೂ ಕಡಮೆಯಾಗಲಿಲ್ಲ, ಆಕಾಶಕ್ಕೂ ಗಾಯವಾಗಲಿಲ್ಲ, ಆದರೂ ಏನೋ ಒಂದು ಹೋಯಿತು. ಹೋದದ್ದು ಶಕ್ತಿ. ದ್ರವ್ಯವೊಂದೇ ಸತ್ಯವಾಗಿ ಆಕಾರವು ಬರಿಯ ಹೆಸರಾಗಿದ್ದಲ್ಲಿ, ಹೆಸರು ಅಳಿದ ಮಾತ್ರಕ್ಕೆ ಗಾಳಿಯು ಮನೆಯನ್ನು ಕೆಡವಬಲ್ಲುದೇ? ಉದ್ದಾಲಕನು ವಸ್ತುವು ಏನೆಂಬುದನ್ನು ಹೇಳಿದನು. ಅದು ಏನನ್ನು ಹೊರಬಲ್ಲುದೆಂಬುದು ಅವನ ಪ್ರಶ್ನೆಯಾಗಿರಲಿಲ್ಲ. ಈ ಎರಡನೆಯ ಪ್ರಶ್ನೆಗೆ, ಶಕ್ತಿಯು ಮಿಥ್ಯೆಯಲ್ಲ, ಶಿವನಿಂದ ಅಗಲದ ನಿಜವಾದ ವಿಶೇಷಣವೆಂದು ಸಾರುವ ಶಕ್ತಿವಿಶಿಷ್ಟಾದ್ವೈತವೇ ನನಗೆ ಹೆಚ್ಚು ಸಮೀಪದ ಉತ್ತರವಾಗಿ ತೋರುತ್ತದೆ. ಶರಣರು ಬಯಲೆಂದಾಗ ಇಲ್ಲದಿರುವಿಕೆಯನ್ನು ಉದ್ದೇಶಿಸಿರಲಿಲ್ಲವೆಂಬುದನ್ನೂ ನಾನು ಗ್ರಂಥಗಳಿಗಿಂತ ಆ ಉಸುಕಿನಿಂದಲೇ ಚೆನ್ನಾಗಿ ಗ್ರಹಿಸಿದೆನು.

ಅಂದಿನ ಸಂಜೆ ಕೂಡಲಸಂಗಮಕ್ಕೆ ಹೋದೆನು. ಕೃಷ್ಣೆ ಮಲಪ್ರಭೆಯರು ಕೂಡುವ ಆ ಸ್ಥಳವನ್ನು ನಾರಾಯಣಪುರದ ಜಲಾಶಯದ ಹಿನ್ನೀರು ಆವರಿಸಿದಾಗ, ಬಸವಣ್ಣನವರ ಐಕ್ಯಮಂಟಪವು ಮುಳುಗದಂತೆ ಸುತ್ತಲೂ ಬಾವಿಯಂಥ ದುಂಡು ಗೋಡೆಯನ್ನು ಎಬ್ಬಿಸಿದ್ದಾರೆ. ಚೌಕವಾಗಿದ್ದರೆ ನೀರಿನ ಒತ್ತಡವು ಪ್ರತಿಯೊಂದು ಮಗ್ಗುಲನ್ನೂ ನಡುವಿನಲ್ಲಿ ಒಳಕ್ಕೆ ಬಾಗಿಸಲೆತ್ನಿಸುತ್ತಿತ್ತು. ದುಂಡಾದುದರಿಂದ ಸುತ್ತಣ ಒತ್ತಡವೇ ಗೋಡೆಯನ್ನು ತನ್ನೊಳಗೆ ತಾನೇ ಬಿಗಿದುಕೊಳ್ಳುವಂತೆ ಮಾಡುತ್ತದೆ. ಮೆಟ್ಟಿಲುಗಳನ್ನಿಳಿದು ಕೆಳಗೆ ನಿಂತೆನು. ಗೋಡೆಯಾಚೆ, ತಲೆಗಿಂತ ಎಷ್ಟೋ ಮೇಲೆ, ಎರಡು ನದಿಗಳ ನೀರಿತ್ತು. ಈಚೆ ಲಿಂಗ, ಅದರ ಸುತ್ತ ಒಣನೆಲ, ಮೇಲೆ ದುಂಡಗಿನ ಆಕಾಶ.