ಕೈಗುಣವೋ, ಸೊಪ್ಪಿನ ಗುಣವೋ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ, ನಾಡಿನ ಇತರ ಹಳ್ಳಿಗಳಲ್ಲಿರುವಂತೆಯೇ, ನಾಟಿ ವೈದ್ಯರ ಬಗೆಗೆ ಜನ ಆಡುವ ಮೆಚ್ಚುನುಡಿ ‘ಅವರ ಕೈಗುಣ ಒಳ್ಳೆಯದು’ ಎಂಬುದು. ಒಂದೇ ಸೊಪ್ಪನ್ನು ಒಬ್ಬರು ಅರೆದು ಕೊಟ್ಟರೆ ಫಲಿಸುತ್ತದೆ, ಇನ್ನೊಬ್ಬರು ಕೊಟ್ಟರೆ ಫಲಿಸದು ಎಂಬ ಈ ನಂಬಿಕೆಯ ಬೆನ್ನಿಗೆ ಕೆಲವು ಕಟ್ಟುಪಾಡುಗಳೂ ಇವೆ: ಹೊತ್ತು ಮೂಡುವ ಮುನ್ನ ಯಾರೊಡನೆಯೂ ಮಾತಾಡದೆ ಹೋಗಿ ಗಿಡದ ಅಪ್ಪಣೆ ಬೇಡಿ ಕೀಳಬೇಕು, ಕೊಟ್ಟ ಮದ್ದಿಗೆ ಹಣ ಕೇಳಬಾರದು, ಗಿಡದ ಹೆಸರನ್ನು ಹೊರಗೆ ಹೇಳಬಾರದು. ಹಾಗಾದರೆ ಗುಣಪಡಿಸುವುದು ಸೊಪ್ಪೋ, ಅದನ್ನು ಕೊಟ್ಟ ಕೈಯೋ, ಅಥವಾ ಇವೆರಡರ ನಡುವೆ ನಿಂತಿದೆಯೆಂದು ನಂಬಲಾದ ದೈವವೋ?

ಮನೆಮದ್ದಿನ ಮಟ್ಟದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮಗುವಿನ ಶೀತಕ್ಕೆ ದೊಡ್ಡಪತ್ರೆಯ ರಸ, ಕೆಮ್ಮಿಗೆ ಆಡುಸೋಗೆಯ ಕಷಾಯ, ಬಾಣಂತಿಯ ಸ್ನಾನದ ನೀರಿಗೆ ಲಕ್ಕಿಸೊಪ್ಪು ಇವುಗಳಿಗೆ ಯಾವ ವಿಧಿಯೂ ಬೇಡ, ಯಾರ ಕೈಯಾದರೂ ಆದೀತು. ಇದೇ ಲಕ್ಕಿ, ಉತ್ತರಾಣಿ ಮತ್ತು ಎಕ್ಕಗಳು ಗಣೇಶನ ಇಪ್ಪತ್ತೊಂದು ಪತ್ರೆಗಳ ಪೂಜೆಯಲ್ಲಿಯೂ ಬರುವುದರಿಂದ, ಔಷಧಿಯ ಗಿಡಗಳನ್ನು ಪರಿಚಯಿಸಲೆಂದೇ ಹಿರಿಯರು ಆ ಪೂಜೆಯನ್ನು ಕಟ್ಟಿದರೆಂದು ಇತ್ತೀಚೆಗೆ ಹೇಳುವುದುಂಟು. ಈ ವಿವರಣೆ ಚಂದವಾಗಿದೆ, ಆದರೆ ಅದನ್ನು ಪೂರ್ತಿ ನಂಬುವುದು ಕಷ್ಟ. ಅದೇ ಪತ್ರೆಗಳ ಸಾಲಿನಲ್ಲಿ ದತ್ತೂರಿಯೂ ಇದೆ, ಎಕ್ಕದ ಹಾಲಂತೂ ಕಣ್ಣಿಗೆ ಅಪಾಯಕಾರಿ. ದೇವರ ತಲೆಗೆ ಸಲ್ಲುವುದೆಲ್ಲ ಮನುಷ್ಯನ ಹೊಟ್ಟೆಗೆ ಸಲ್ಲದು.

ಚರಕಸಂಹಿತೆ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಮಂತ್ರ, ಹೋಮ, ಉಪವಾಸಾದಿಗಳನ್ನು ಆಶ್ರಯಿಸಿದ ದೈವವ್ಯಪಾಶ್ರಯ, ಆಹಾರ ಮತ್ತು ಔಷಧಗಳನ್ನು ವಿಚಾರಪೂರ್ವಕವಾಗಿ ಹೊಂದಿಸುವ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತವಾದುದರಿಂದ ಹಿಂದೆಳೆಯುವ ಸತ್ತ್ವಾವಜಯ. ಕೈಗುಣದ ನಂಬಿಕೆಯಲ್ಲಿ ಈ ಮೂರೂ ಬೆರೆತುಹೋಗಿವೆ. ಕಾಡಿನಲ್ಲಿ ಆಡು, ಕುರಿ, ದನ ಮೇಯಿಸುವವರು ಗಿಡಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂದು ಅದೇ ಗ್ರಂಥ ಒಪ್ಪುತ್ತದೆ. ಜುಂಜಪ್ಪನನ್ನು ಆರಾಧಿಸುವ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳನ್ನು ಕಂಡವರಿಗೆ ಆ ಮಾತು ಹೊಸದೆನಿಸದು. ಆದರೆ ಹೆಸರು ಮತ್ತು ರೂಪ ತಿಳಿದ ಮಾತ್ರಕ್ಕೆ ಬಳಕೆ ತಿಳಿದಂತಾಗುವುದಿಲ್ಲವೆಂದೂ ಗ್ರಂಥ ಸೇರಿಸುತ್ತದೆ. ಇನ್ನು ರಸ, ವೀರ್ಯ, ವಿಪಾಕಗಳಿಂದ, ಅಂದರೆ ರುಚಿ, ಶಕ್ತಿ ಮತ್ತು ಜೀರ್ಣವಾದ ಬಳಿಕದ ಪರಿಣಾಮಗಳಿಂದ ವಿವರಿಸಲಾಗದ ಗುಣವನ್ನು ಅದು ಪ್ರಭಾವ ಎಂದು ಕರೆದು ಅಚಿಂತ್ಯವೆನ್ನುತ್ತದೆ. ಗಮನಿಸಬೇಕಾದುದೆಂದರೆ, ಆ ಅಚಿಂತ್ಯವನ್ನೂ ಅದು ದ್ರವ್ಯದಲ್ಲಿಯೇ ಇಡುತ್ತದೆ, ಕೊಡುವವನ ಕೈಯಲ್ಲಿ ಅಲ್ಲ.

ಕೈಗುಣದ ಕೀರ್ತಿ ಹೆಚ್ಚಾಗಿ ಬೆಳೆದಿರುವುದು ಕಾಮಾಲೆಯ ಮದ್ದಿನಿಂದ. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಾಲು ಅಥವಾ ಮಜ್ಜಿಗೆಯಲ್ಲಿ ಕೊಟ್ಟು, ಎಣ್ಣೆ, ಖಾರ ಬಿಡಿಸಿ ಪಥ್ಯ ಹೇಳುವುದು ವಾಡಿಕೆ. ಕಲುಷಿತ ನೀರು ಮತ್ತು ಆಹಾರದಿಂದ ಬರುವ ಕಾಮಾಲೆ ಬಹುಪಾಲು ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದರಿಂದ, ಇಳಿದ ಕಾಮಾಲೆಯ ಶ್ರೇಯಸ್ಸು ಆ ಹೊತ್ತಿಗೆ ಮದ್ದು ಕೊಟ್ಟಿದ್ದ ಕೈಗೆ ಸಲ್ಲುತ್ತದೆ, ಇಳಿಯದೆ ಸತ್ತವನು ಪಥ್ಯ ತಪ್ಪಿದವನೆನಿಸುತ್ತಾನೆ. ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವಾಹಕರಲ್ಲಿ ಶೇ. 59ರಷ್ಟು ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಮರೆಯಾಯಿತೆಂದು ಚೆನ್ನೈನ ಸಂಶೋಧಕರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು; ಮುಂದಿನ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಗಿಡಕ್ಕೆ ಗುಣವೇ ಇಲ್ಲವೆಂದು ಇದರಿಂದ ಸಿದ್ಧವಾಗದು, ಆದರೆ ಗುಣಮುಖರಾದವರನ್ನು ಮಾತ್ರ ಎಣಿಸುವ ನೆನಪು ಸಾಕ್ಷಿಯಾಗಲಾರದು.

ಹಾಗೆಂದು ಕಟ್ಟುಪಾಡುಗಳೆಲ್ಲ ನಿರರ್ಥಕವಲ್ಲ. ಅವು ಮದ್ದಿನ ಶಕ್ತಿಯನ್ನು ಹೆಚ್ಚಿಸದಿದ್ದರೂ ಕೀಳುವವನ ಆಸೆಗೆ ಕಡಿವಾಣ ಹಾಕುತ್ತವೆ. ಕಲ್ಲುಗುಡ್ಡಗಳ ಸಂದಿಯಲ್ಲಿ ಬೆಳೆಯುವ, ಉಪ್ಪಿನಕಾಯಿಗೂ ಮದ್ದಿಗೂ ಬೇಕಾದ ಮಾಗಳಿ ಬೇರು ಇದಕ್ಕೆ ಒಳ್ಳೆಯ ಉದಾಹರಣೆ: ಬೇರನ್ನೇ ಅಗೆಯುವುದರಿಂದ ಬಳ್ಳಿಯೇ ಸಾಯುತ್ತದೆ, ಪೇಟೆಯ ಬೇಡಿಕೆಗೆ ಅಗೆಯುವವನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಚಿಕಿತ್ಸೆಯನ್ನು ಸರಕಿನಂತೆ ಮಾರುವವನು ಚಿನ್ನದ ರಾಶಿ ಬಿಟ್ಟು ಧೂಳಿನ ರಾಶಿ ಹಿಡಿದವನೆಂಬ ಚರಕಸಂಹಿತೆಯ ಮಾತು ಹಣ ಕೇಳಬಾರದೆಂಬ ಕಟ್ಟಿನ ಪಕ್ಕದಲ್ಲಿಯೇ ನಿಲ್ಲುತ್ತದೆ. ಗುಟ್ಟಿನ ನಿಯಮಕ್ಕೆ ಮಾತ್ರ ಇಂಥ ಸಮರ್ಥನೆ ಸಿಗುವುದಿಲ್ಲ. ಅದು ಗಿಡವನ್ನೂ ಕಾಯದು, ರೋಗಿಯನ್ನೂ ಕಾಯದು.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದಲ್ಲಿ ಗುಟ್ಟಿನ ನಿಯಮದ ಈ ಕೊರತೆ ಎದ್ದು ಕಾಣುತ್ತದೆ. ಸಿದ್ಧರು ತಪಸ್ಸು ಮಾಡಿದ ತಾಣವಾದುದರಿಂದ ಅಲ್ಲಿನ ಗಿಡಮೂಲಿಕೆಗಳಿಗೂ ಗುಹೆಯ ಸಿದ್ದೇಶ್ವರನ ಸನ್ನಿಧಿಯ ನೀರಿಗೂ ರೋಗಹರ ಶಕ್ತಿಯಿದೆಯೆಂದು ಭಕ್ತರು ನಂಬುತ್ತಾರೆ. ಪ್ರತಿ ಗಿಡವೂ ಮದ್ದೆಂಬ ಮಾತು ಹಳೆಯದೇ: ತಕ್ಷಶಿಲೆಯ ಸುತ್ತ ಔಷಧವಲ್ಲದ ಗಿಡವನ್ನು ಹುಡುಕಿ ತರಲು ಗುರು ಕಳುಹಿಸಿದಾಗ, ಅಂಥದು ಒಂದೂ ಸಿಗಲಿಲ್ಲವೆಂದು ಬರಿಗೈಯಲ್ಲಿ ಮರಳಿದ ಜೀವಕನ ಕಥೆ ಬೌದ್ಧ ವಿನಯಪಿಟಕದಲ್ಲಿದೆ. ಆದರೆ ಆ ಮಾತನ್ನಾಡಿದವನು ಏಳು ವರ್ಷ ಕಲಿತ ಶಿಷ್ಯ. ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಯಕೃತ್ತಿಗೆ ಹಾನಿಯಾಗಿದೆಯೆಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದಾಗ, ಅದೇ ಕುಲದ ಬೇರೊಂದು ಬಳ್ಳಿಯೊಡನೆ ಗೊಂದಲವಾಗಿರಬಹುದೆಂದು ಆಯುಷ್ ಸಚಿವಾಲಯ ಉತ್ತರಿಸಿತು. ಯಾರ ವಾದ ಸರಿಯಾದರೂ, ಎರಡು ಬಳ್ಳಿಗಳ ವ್ಯತ್ಯಾಸವನ್ನು ಎಲೆ ಮುಟ್ಟಿ ತೋರಿಸಬಲ್ಲವರು ಊರಲ್ಲಿ ಬೇಕು, ಮತ್ತು ಅವರು ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮದ್ದು ಫಲಿಸದೆಂಬ ಭಯ ಅವರಿಗೆ ಇನ್ನೂ ಹೋಗಿಲ್ಲ.