ಉಧಾರಿ ಮೆಹರ್, ನಗದು ಜಹೇಜ್

ನಮ್ಮ ಕಡೆ ಗಂಡ ತೀರಿಕೊಂಡ ಮನೆಯಲ್ಲಿ ಜನಾಜಾ ಎತ್ತುವ ಮುಂಚೆ ಹಿರಿಯ ಹೆಂಗಸೊಬ್ಬಳು ವಿಧವೆಯನ್ನು ಮಯ್ಯತ್ತಿನ ಹತ್ತಿರ ಕರೆತಂದು, 'ಮೆಹರ್ ಮಾಫ್ ಕರ್ದೇ ಬೇಟಿ', ಮೆಹರ್ ಮನ್ನಾ ಮಾಡಮ್ಮ, ಎನ್ನುವುದುಂಟು. ಅಳುತ್ತಿರುವ ಹೆಣ್ಣು ಆ ಹೊತ್ತಿನಲ್ಲಿ ಇಲ್ಲ ಎನ್ನುತ್ತಾಳೆಯೇ? ತಲೆಯಾಡಿಸುತ್ತಾಳೆ. ಗಂಡ ಹೆಂಡತಿಗೆ ಕೊಡಬೇಕಾದ ವಧುಧನ, ಮದುವೆಯ ದಿನ ಹುಟ್ಟಿದ ಸಾಲ, ಅಲ್ಲಿಗೆ ಚುಕ್ತಾ.

ಮೆಹರನ್ನು ಹೆಂಡತಿಗೆ ಕೊಡಿ ಎಂದು ಕುರ್‌ಆನಿನ ಸೂರಾ ನಿಸಾದ ನಾಲ್ಕನೆಯ ಆಯತ್ತು ಗಂಡಸರಿಗೇ ಹೇಳುತ್ತದೆ. ಅದರಲ್ಲಿ ಅವಳು ತಾನಾಗಿ ಮನಸಾರೆ ಬಿಟ್ಟುಕೊಟ್ಟಷ್ಟನ್ನು ಮಾತ್ರ ಅವನು ಉಣ್ಣಬಹುದು. ಹೆಣದ ಮುಂದೆ ನಿಲ್ಲಿಸಿ ಹೇಳಿಸಿದ್ದು ಮನಸಾರೆಯೇ? ಶರೀಯತ್ತಿನ ಲೆಕ್ಕದಲ್ಲಿ ಮೆಹರ್ ಸತ್ತವನ ಮೇಲಿನ ಸಾಲ. ವಾರಸುದಾರರು ಆಸ್ತಿ ಹಂಚಿಕೊಳ್ಳುವ ಮುನ್ನ ಅದು ತೀರಬೇಕು. ಇದನ್ನು ಎಷ್ಟು ಜುಮ್ಮಾ ಬಯಾನುಗಳಲ್ಲಿ ಕೇಳಿದ್ದೇವೆ? ಸೆರಗು, ಪರದೆ, ಗಂಡನ ಮಾತು ಮೀರಬಾರದೆಂಬ ಉಪದೇಶಕ್ಕಂತೂ ಬರವಿಲ್ಲ.

ನಿಕಾಹ್‌ನಾಮೆಯಲ್ಲಿ ಮೆಹರ್ ಉಧಾರಿ ಎಂದು ಬರೆಸುವವರು 'ಜೋಡೆ ಕಿ ರಖಮ್' ಎಂಬ ವರದಕ್ಷಿಣೆ ಹಣವನ್ನು ಮಾತ್ರ ಮದುವೆಗೆ ಮುಂಚೆಯೇ ನಗದಾಗಿ ಎಣಿಸಿಕೊಳ್ಳುತ್ತಾರೆ. ಬೈಕು, ಅಲಮಾರಿ, ಪಾತ್ರೆ ಸಾಮಾನಿನ ಜಹೇಜ್ ಬೇರೆ. ಹೆಣ್ಣಿನ ಕಡೆಯಿಂದ ಇಷ್ಟು ವಸೂಲು ಮಾಡಿ ಎಂದು ಯಾವ ಆಯತ್ತಿದೆ? ಅಲ್ಲಾಹನ ಹುಕುಂ ಬಾಕಿ, ಊರಿನ ರಿವಾಜು ರೊಕ್ಕಕ್ಕೆ! ಧರ್ಮ ಬಿಡು ಎಂದು ನನಗೆ ಬುದ್ಧಿ ಹೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ: ಬಿಟ್ಟವರು ಜಹೇಜ್ ಎಣಿಸಿಕೊಳ್ಳುವ ಇವರು, ನಾನಲ್ಲ.

ಹೊಲದ ಕಥೆ ಇನ್ನೂ ಕಹಿ. ನಮ್ಮ ದೇವದುರ್ಗ ತಾಲೂಕಿನ ಮಸರಕಲ್ ಸುತ್ತಿನ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಾರೆ, ಕಳೆ ಕೀಳುತ್ತಾರೆ. ಪಹಣಿಯಲ್ಲಿ ಅವರ ಹೆಸರು ಹುಡುಕಬೇಕು. ನಾರಾಯಣಪುರ ಬಲದಂಡೆ ಕಾಲುವೆ ತಾಲೂಕಿಗೆ ಬಂದ ಮೇಲೆ ನೀರು ಕಂಡ ಭೂಮಿಯ ಮೇಲಿನ ಆಸೆಯೂ ಬೆಳೆದಿದೆ. ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲುಂಟು ಎಂದು ಕುರ್‌ಆನ್ ಹೇಳಿ ಹದಿನಾಲ್ಕು ಶತಮಾನ ಆಯಿತು. ಕೇಳಿದ ತಂಗಿಗೆ ಅಣ್ಣನ ಉತ್ತರ ಒಂದೇ: 'ತವರು ಬೇಕೋ, ಹೊಲ ಬೇಕೋ?' ಸರ್ಕಾರವೂ ಹಿಂದೆ ಬಿದ್ದಿಲ್ಲ. 1937ರ ಶರೀಯತ್ ಕಾಯ್ದೆ ವಾರಸಾ ವಿಷಯವನ್ನು ಶರೀಯತ್ತಿಗೆ ಒಪ್ಪಿಸುವಾಗ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಭೂಮಿ ಇದ್ದವರು ಆಗ ಶರೀಯತ್ತಿಗಾಗಿ ಹಟ ಹಿಡಿಯಲಿಲ್ಲ.

ಮಗನ ಪಾಲಿನ ಅರ್ಧ ಮಗಳಿಗೆ ಅನ್ನುವುದು ಸಮಾನತೆಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕು, ನನಗೂ ಅದು ಸಾಲದು. ಆದರೆ ಆ ಅರ್ಧವಾದರೂ ಕೈಗೆ ಬಂದಿದೆಯೇ?

ಹೆಣ್ಣಿನ ಹಕ್ಕಿನ ಈ ಮಾತನ್ನು ಕನ್ನಡದಲ್ಲಿ ನನಗಿಂತ ಮುಂಚೆ ಆಡಿದವರಿದ್ದಾರೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖಿನ ಹೆಸರಲ್ಲಿ ಹೆಣ್ಣನ್ನು ನೀರಿಗೆ ನೂಕುವ ಬಗೆಯನ್ನು ತೋರಿಸಿದರು. ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯ ಅಶ್ರಫ್, ಗಂಡ ಕೈಬಿಟ್ಟಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಅವಳು ಕೇಳುವುದು ಶರೀಯತ್ತು ಕೊಟ್ಟ ಹಕ್ಕನ್ನೇ; ಮುಖ ತಿರುಗಿಸುವವನು ಮಸೀದಿ ನೋಡಿಕೊಳ್ಳುವ ಮುತವಲ್ಲಿ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಬಂದದ್ದು ಈ ಕಥೆಯಿಂದಲೇ. ಹೆಂಗಸರೂ ಮಸೀದಿಗೆ ಹೋಗಲಿ ಎಂದದ್ದಕ್ಕೆ 2000ದಲ್ಲಿ ಬಾನು ಅವರು ಬಹಿಷ್ಕಾರ ಉಂಡರು. 2025ರಲ್ಲಿ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಹಾರ ಹಿಡಿದು ನಿಂತವರ ಸಾಲು ಉದ್ದವಿತ್ತು. ಇರಲಿ.

ಇದನ್ನೆಲ್ಲ ಬರೆದರೆ ಹೊರಗಿನವರ ಕೈಗೆ ಕೋಲು ಕೊಟ್ಟೆ ಎನ್ನುತ್ತಾರೆ ನಮ್ಮವರು. ಆ ಭಯ ಸುಳ್ಳಲ್ಲ. ತಲಾಖಿನ ಮಾತು ಬಂದಾಗ ನಮಗಾಗಿ ಕಣ್ಣೀರಿಟ್ಟವರಲ್ಲಿ ಎಷ್ಟೋ ಮಂದಿ 2022ರಲ್ಲಿ ಹಿಜಾಬ್ ತೊಟ್ಟ ನಮ್ಮ ಹುಡುಗಿಯರು ಕಾಲೇಜಿನ ಗೇಟಿನಾಚೆ ನಿಂತಾಗ ಕಾಣಲಿಲ್ಲ. 2019ರ ಕಾಯ್ದೆ ಒಂದೇ ಉಸಿರಿಗೆ ತಲಾಖ್ ಎಂದ ಗಂಡನಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಹೊಲದ ಪಾಲಿನ ಬಗ್ಗೆ ಅದರಲ್ಲಿ ಒಂದು ಮಾತಿಲ್ಲ. ಆದರೂ ಹೊರಗಿನವರ ಕೋಲಿಗೆ ಹೆದರಿ ಒಳಗಿನವರ ಪೆಟ್ಟು ತಿನ್ನುತ್ತಲೇ ಇರಬೇಕೇ?

ತಾಯಂದಿರೇ, ಮಗಳ ನಿಕಾಹ್ ದಿನ ಖಾಜಿ ಸಾಹೇಬರು ಕಾಗದ ತುಂಬುವಾಗ ಮೆಹರ್ ನಗದೋ ಉಧಾರಿಯೋ ಎಂದು ಕೇಳಿ, ಅಂದೇ ಅವಳ ಬ್ಯಾಂಕ್ ಖಾತೆಗೆ ಹಾಕಿಸಿ. ಅಪ್ಪ ಹೋದ ಮೇಲೆ ಫೌತಿ ಖಾತೆಗೆ ಅರ್ಜಿ ಕೊಡುವಾಗ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ. ನಿಮ್ಮ ಗಂಡುಮಕ್ಕಳು ಸಿಟ್ಟಾದರೆ ಸೂರಾ ನಿಸಾ ತೆರೆದು ಅವರಿಂದಲೇ ಓದಿಸಿ.