ಡಿಗ್ರಿ ಮೊದಲೋ, ಅಖಾಡ ಮೊದಲೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಕುಸ್ತಿ, ಕಬಡ್ಡಿಗಳು ಬರಿಯ ಮನರಂಜನೆಯಲ್ಲ. ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆಯೇ ಇದೆ. ಕಣದಲ್ಲಿ ಗೆದ್ದ ಹುಡುಗನಿಗೆ ಕ್ರೀಡಾ ಕೋಟಾದ ನೌಕರಿ, ಫೌಜು, 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಕಣ್ಣಮುಂದೆ ನಿಲ್ಲುತ್ತವೆ. ಕರೆ ಬಂದಾಗ ಅವನು ಬಿ.ಎ. ಎರಡನೇ ವರ್ಷದಲ್ಲಿದ್ದರೆ ಏನು ಮಾಡಬೇಕು?

'ಮೊದಲು ಡಿಗ್ರಿ ಮುಗಿಸು' ಎನ್ನುತ್ತಾರೆ ಹಿರಿಯರು. ಈ ಮಾತಿನಲ್ಲಿ ಹುರುಳಿದೆ. ಮೊಣಕಾಲಿಗೆ ಬಿದ್ದ ಒಂದೇ ಪೆಟ್ಟು ಆಟವನ್ನು ಮುಗಿಸಿಬಿಡಬಹುದು. ಫೌಜಿನ ನೌಕರಿಯೂ ಮೊದಲಿನಂತಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದಾಗ ಸೇವೆ ನಾಲ್ಕೇ ವರ್ಷ, ಅನಂತರ ಉಳಿಯುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು ಎಂದು ಹೇಳಲಾಗಿತ್ತು.

ಆದರೆ ಓದಿಗೆ ಮೂವತ್ತರ ವಯಸ್ಸಿನಲ್ಲೂ ಮರಳಬಹುದು, ಅಖಾಡಕ್ಕೆ ಮರಳಲಾಗದು. ಹೊಲವಿಲ್ಲದ ಮನೆಯ ಹುಡುಗನಿಗೆ ಮೈಕಟ್ಟೇ ಬಂಡವಾಳ. ಹಾಲು, ಬದಾಮಿ, ತುಪ್ಪದ ಖುರಾಕಿಗೆ ಮನೆಯವರು ಮಾಡಿದ ಸಾಲ ಪದವಿ ಪತ್ರಕ್ಕಾಗಿ ಕಾಯುವುದಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಇದು ಹಳೆಯ ಜಗಳ. ಕಾಲೇಜು ಅವಧಿ ಮುಗಿಯುವ ಮುನ್ನವೇ ವೃತ್ತಿಗಿಳಿದ ಸ್ಪೆನ್ಸರ್ ಹೇವುಡ್ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋದರು. 2005ರಲ್ಲಿ ಎನ್‌ಬಿಎ ಸೇರಲು ಕನಿಷ್ಠ 19 ವರ್ಷ ಎಂಬ ನಿಯಮ ಬಂತು. ವಿಚಿತ್ರವೆಂದರೆ, ಹುಡುಗರ ಆಟದಿಂದ ವಿಶ್ವವಿದ್ಯಾಲಯಗಳು ಕೋಟಿಗಟ್ಟಲೆ ಗಳಿಸುತ್ತಿದ್ದಾಗಲೂ 2021ರವರೆಗೆ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಮಾಡುವಂತಿರಲಿಲ್ಲ. 'ಕಾಯಿರಿ' ಎಂಬ ಹಿತವಚನದಲ್ಲಿ ಹೇಳುವವರ ಲಾಭವೂ ಅಡಗಿತ್ತು.

ನಮ್ಮಲ್ಲಿಯೂ ಈ ಅನುಮಾನ ಇರಬೇಕು. ಕಾಲೇಜಿಗೆ ಶೀಲ್ಡ್ ಬೇಕು, ತಂಡಕ್ಕೆ ಎಳೆಯ ಕಾಲುಗಳು ಬೇಕು, ಊರಿಗೆ ಹೆಸರು ಬೇಕು. ಹುಡುಗ ಸೋತು ಬಂದ ದಿನ ಇವರಲ್ಲಿ ಯಾರು ಬಾಗಿಲು ತೆರೆಯುತ್ತಾರೆ? 'ನಿರ್ಧಾರ ಅವನದೇ' ಎಂದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಬಡತನ ಬೆನ್ನ ಹಿಂದೆ ನಿಂತು ನೂಕುತ್ತಿರುವಾಗ ಹದಿನೆಂಟರ ಹುಡುಗನ ಆಯ್ಕೆಯನ್ನು ಪೂರ್ತಿ ಸ್ವತಂತ್ರ ಎನ್ನಲಾಗದು.

ಆದ್ದರಿಂದ ಹೋಗಬೇಕೋ ಬೇಡವೋ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಬುದ್ಧಿ ಹೇಳುವ ನಮಗೆ ಮಾತ್ರ ಒಂದು ಕರ್ತವ್ಯವಿದೆ. ಇರು ಎನ್ನುವವರು ಅವನ ಫೀ ಮತ್ತು ಖುರಾಕಿನಲ್ಲಿ ಪಾಲು ಹೊರಲಿ. ಹೋಗು ಎನ್ನುವವರು ಅವನು ಮರಳಿ ಬಂದರೆ ಓದು ಮುಂದುವರಿಸುವ ದಾರಿಯನ್ನು ಮೊದಲೇ ಗಟ್ಟಿ ಮಾಡಲಿ. ಗೆದ್ದವನ ಮೆರವಣಿಗೆಗೆ ಸೇರುವ ಊರು, ಸೋತವನ ಮನೆಗೂ ಒಮ್ಮೆ ಹೋಗಿ ಬರಬೇಕು.